ಗಿಡಮೂಲಿಕೆ ವೈದ್ಯ ಕಲಿಯಬೇಕು: ಎಲ್ಲಿಂದ ಶುರು ಮಾಡೋದು? (ಕೊರಟಗೆರೆ ಕಡೆ)

ಬೆಟ್ಟದಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊರಟಗೆರೆ ತಾಲ್ಲೂಕು, ಸಿದ್ಧರಬೆಟ್ಟದ ಹತ್ತಿರ. ಪಿಯುಸಿ ಸೈನ್ಸ್ ಆಗಿದೆ, ವಯಸ್ಸು 27. ಗಿಡಮೂಲಿಕೆ ಔಷಧಿ ಸರಿಯಾಗಿ ಕಲಿತು ಮುಂದೆ ಜನಕ್ಕೆ ಕೊಡೋ ಮಟ್ಟಕ್ಕೆ ಬರಬೇಕು ಅಂತಿದೆ. ಡಿಗ್ರಿ ಇಲ್ಲದೆ ಕೊಡಬಹುದಾ? ಮೊದಲು ಯಾವ ಗಿಡ ಕಲಿಯಬೇಕು? ಕಷಾಯಕ್ಕೆ ಒಬ್ಬರು 4 ಪಾಲು ನೀರು ಅಂತಾರೆ, ಇನ್ನೊಬ್ಬರು 16 ಅಂತಾರೆ, ಯಾವುದು ಸರಿ? ಗೊತ್ತಿರೋರು ಬಿಡಿಸಿ ಹೇಳಿ.

ತುಮಕೂರು ವೈದ್ಯ:
ಮೊದಲನೇ ಪ್ರಶ್ನೆಗೆ ನೇರ ಉತ್ತರ: ಇಲ್ಲ. ರೋಗಿ ನೋಡಿ ಔಷಧಿ ಬರೆದುಕೊಡಲು ಬಿಎಎಂಎಸ್ (ಆಯುರ್ವೇದ ವೈದ್ಯ ಪದವಿ) ಆಗಿ ರಾಜ್ಯದ ರಿಜಿಸ್ಟರಿನಲ್ಲಿ ಹೆಸರಿರಬೇಕು. ಪರಂಪರೆಯಿಂದ ಬಂದ ವಿದ್ಯೆ ಅನ್ನುವ ವಾದ 2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲೇ ನಿಲ್ಲಲಿಲ್ಲ. ಮೂರು ತಿಂಗಳು, ಆರು ತಿಂಗಳ ಸರ್ಟಿಫಿಕೇಟ್ ಕೊಟ್ಟು "ಇನ್ನು ಬೋರ್ಡ್ ಹಾಕ್ಕೊಳ್ಳಿ" ಅನ್ನುವವರಿಗೆ ದುಡ್ಡು ಕಟ್ಟಬೇಡಿ.

ಆದರೆ ನಿಮಗೆ ದಾರಿ ಮುಚ್ಚಿಲ್ಲ. ಬಿಎಎಂಎಸ್ ಸೀಟು ಸಿಗುವುದು ನೀಟ್ ಪ್ರವೇಶ ಪರೀಕ್ಷೆಯಿಂದ. ನೀಟ್‌ಗೆ ಈಗ ಮೇಲಿನ ವಯೋಮಿತಿ ಇಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್ ಇದ್ದರೆ ಬರೆಯಬಹುದು, ಮೀಸಲಾತಿ ಇದ್ದರೆ 40. ಓದು ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಬೆಂಗಳೂರು, ಮೈಸೂರು, ಶಿವಮೊಗ್ಗ, ಬಳ್ಳಾರಿಯಲ್ಲಿ ಸರ್ಕಾರಿ ಆಯುರ್ವೇದ ಕಾಲೇಜುಗಳಿವೆ, ಖಾಸಗಿಗೆ ಹೋಲಿಸಿದರೆ ಫೀಸು ಬಹಳ ಕಡಿಮೆ. ಅಷ್ಟು ವರ್ಷ ಆಗಲ್ಲ ಅಂದರೆ ಗಿಡ ಬೆಳೆಸುವುದು, ಒಣಗಿಸಿ ವಿಂಗಡಿಸಿ ಕಂಪನಿಗೆ ಕೊಡುವುದು, ಪರವಾನಗಿ ಇರುವ ಘಟಕದಲ್ಲಿ ಔಷಧಿ ತಯಾರಿಕೆ, ಇವೆಲ್ಲ ಮಾನವಾಗಿ ಮಾಡಬಹುದಾದ ಕೆಲಸಗಳೇ. ಸರಿಯಾಗಿ ಗಿಡ ಗುರುತಿಸಬಲ್ಲವರ ಕೊರತೆ ವೈದ್ಯರ ಕೊರತೆಗಿಂತ ಜಾಸ್ತಿ ಇದೆ.

ಸೊಪ್ಪುಸದೆ:
ಯಾವ ದಾರಿ ಹಿಡಿದರೂ ಗಿಡದ ಗುರುತೇ ಬುನಾದಿ. ನೂರು ಹೆಸರು ಬಾಯಿಪಾಠ ಮಾಡೋದು ಬೇಡ. ನಿಮ್ಮ ಸುತ್ತ ಸಿಗೋ ಹದಿನೈದು ಗಿಡ ತಗೊಂಡು, ಒಂದೊಂದನ್ನೂ ಚಿಗುರು, ಹೂ, ಕಾಯಿ, ಒಣಗಿದ ಸ್ಥಿತಿ ನಾಲ್ಕರಲ್ಲೂ ನೋಡಿ. ಹೂವಿದ್ದಾಗ ಗುರುತು ಹಿಡಿಯೋದು ಯಾರಿಗಾದರೂ ಆಗುತ್ತೆ. ಏಪ್ರಿಲ್‌ನಲ್ಲಿ ಎಲೆ ಉದುರಿದ ಬಳ್ಳಿ ನೋಡಿ ಹೇಳೋದೇ ಕಲಿಕೆ.

ತಪ್ಪು ಎಲ್ಲಾಗುತ್ತೆ ಅಂತ ಹೇಳ್ತೀನಿ. ನಮ್ಮ ಕಡೆ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ. ಗ್ರಂಥದ ಬ್ರಾಹ್ಮಿ ನೀರುಬ್ರಾಹ್ಮಿ: ಸಣ್ಣ ದಪ್ಪ ಎಲೆ ಜೋಡಿಜೋಡಿಯಾಗಿ, ಬಿಳಿ-ತಿಳಿನೀಲಿ ಹೂ, ಚೆನ್ನಾಗಿ ಕಹಿ. ಒಂದೆಲಗ ಮಂಡೂಕಪರ್ಣಿ: ಉದ್ದ ತೊಟ್ಟಿನ ತುದಿಗೆ ಒಂದೇ ದುಂಡನೆ ಎಲೆ. ಎರಡೂ ಒಳ್ಳೇವೇ, ಆದರೆ ಬೇರೆಬೇರೆ.

ಅಮೃತಬಳ್ಳಿ ಇನ್ನೂ ಹುಷಾರಾಗಿ ನೋಡಬೇಕು. ಸರಿಯಾದ್ದರ ಎಲೆ ಎರಡೂ ಕಡೆ ನುಣುಪು, ಕಾಂಡದ ಮೇಲಿನ ತೆಳು ಸಿಪ್ಪೆ ಕಾಗದದ ಹಾಗೆ ಸುಲಿದು ಬರುತ್ತೆ, ಒಳಗೆ ಹಸಿರು. ಅಡ್ಡ ಕೊಯ್ದರೆ ನಡುವಿಂದ ಅಂಚಿಗೆ ಗೆರೆಗಳು. ಎಲೆ ಅಡಿಯಲ್ಲಿ ರೋಮ ಇದ್ದರೆ ಅದರ ಸೋದರ ಜಾತಿ. ಕಾಂಡದ ತುಂಬ ಗಂಟುಗಂಟು ನರುಲಿ ಇದ್ದರೆ ಟಿನೋಸ್ಪೊರಾ ಕ್ರಿಸ್ಪಾ, ಅದನ್ನು ಮುಟ್ಟಬೇಡಿ, ಲಿವರ್‌ಗೆ ಪೆಟ್ಟು ಕೊಟ್ಟ ವರದಿಗಳಿವೆ. ನಿಜವಾದ ಅಮೃತಬಳ್ಳಿ ಕುಡಿದವರಲ್ಲೂ ಕೆಲವರಿಗೆ ಲಿವರ್ ತೊಂದರೆ ಆದ ವರದಿ ಬಂದಿವೆ, ಹಾಗಾಗಿ ತಿಂಗಳುಗಟ್ಟಲೆ ದಿನಾ ಕುಡಿಯೋ ಗಿಡ ಅಲ್ಲ ಇದು.

ನೆಲನೆಲ್ಲಿ ಕೀಳುವಾಗ ಕಾಂಡ ಕೆಂಪಗಿದ್ದು, ಕಾಯಿ ತೊಟ್ಟಿಲ್ಲದೆ ಅಂಟಿಕೊಂಡು ಮೇಲ್ಮೈ ಒರಟಾಗಿದ್ದರೆ ಅದು ಬೇರೆ ಜಾತಿ. ಔಷಧಿಗೆ ಹೇಳೋದು ಹಸಿರು ಕಾಂಡದ, ನುಣುಪು ಕಾಯಿ ತೊಟ್ಟಿಗೆ ನೇತಾಡೋದು. ಮಧುನಾಶಿನಿಗೆ ಸುಲಭ ಪರೀಕ್ಷೆ ಇದೆ: ಒಂದು ಎಲೆ ಒಂದು ನಿಮಿಷ ಅಗಿದು ಉಗಿದು ಸಕ್ಕರೆ ಹಾಕ್ಕೊಳ್ಳಿ, ಮರಳು ತಿಂದಂಗಿರಬೇಕು. ಸಿಹಿ ಗೊತ್ತಾದರೆ ನೀವು ತಂದಿದ್ದು ಬೇರೆ ಬಳ್ಳಿ. ಗಿಡ ಯಾವುದು ಅಂತ ಇನ್ನೊಂದು ರೀತಿಯಲ್ಲಿ ಖಾತ್ರಿ ಆಗೋವರೆಗೂ ಅಪರಿಚಿತ ಎಲೆ ಬಾಯಿಗಿಡಬೇಡಿ ಅಂತ ಬೇರೆ ಹೇಳಬೇಕಿಲ್ಲ ತಾನೆ.

ಬೇರು ವಿಷಯದಲ್ಲಿ ಮೋಸ ಆಗೋದು ಸೊಗದೆ ಬೇರಲ್ಲಿ. ಸಾರಿವಾ ಅಂದರೆ ಸೊಗದೆ: ತೆಳು, ಗಟ್ಟಿ ನಾರು, ಕಂದು ಸಿಪ್ಪೆ ಮೇಲೆ ಅಡ್ಡ ಬಿರುಕು. ಅದರ ಬದಲು ಮಾಕಳಿ ಬೇರು ಕೊಡ್ತಾರೆ, ವಾಸನೆ ಹೆಚ್ಚುಕಡಿಮೆ ಒಂದೇ. ಮಾಕಳಿ ದಪ್ಪ, ಮಾಂಸಲ, ಉಪ್ಪಿನಕಾಯಿಗೆ ಹಾಕೋದು. ನಮ್ಮ ಬೆಟ್ಟಗಳಲ್ಲಿ ಅದನ್ನು ಕಿತ್ತು ಕಿತ್ತು ಬರಿದು ಮಾಡಿದ್ದಾರೆ, ನೀವೂ ಕೀಳಕ್ಕೆ ಹೋಗಬೇಡಿ. ಮೀಸಲು ಅರಣ್ಯದೊಳಗಿಂದ ಅನುಮತಿ ಇಲ್ಲದೆ ಬೇರು, ತೊಗಟೆ ತಂದರೆ ಕೇಸು ಬೀಳುತ್ತೆ. ನೋಡಿ ಕಲಿಯೋಕೆ ದೇವರಾಯನದುರ್ಗದ ಕೆಳಗೆ ನಾಮದ ಚಿಲುಮೆಯ ಔಷಧಿ ವನ ಸಾಕು.

ಪ್ರತಿ ಗಿಡದ ಒಂದು ರೆಂಬೆ ಹೂ-ಕಾಯಿ ಸಮೇತ ಪೇಪರ್ ಮಧ್ಯೆ ಒತ್ತಿಡಿ. ಮೊದಲ ವಾರ ದಿನಾ ಪೇಪರ್ ಬದಲಿಸಬೇಕು, ಇಲ್ಲದಿದ್ದರೆ ಕಪ್ಪಾಗಿ ಬೂಸ್ಟು ಬರುತ್ತೆ. ತಾರೀಕು, ಜಾಗ, ಹೂವಿನ ಬಣ್ಣ, ಆ ಊರಲ್ಲಿ ಕರೆಯೋ ಹೆಸರು ಬರೀರಿ. ಬಣ್ಣ ಒಣಗಿದ ಮೇಲೆ ಉಳಿಯಲ್ಲ.

ಗ್ರಂದಿಗೆ:
ಕಷಾಯದ ಲೆಕ್ಕಕ್ಕೆ ಬರೋಣ. 4 ಅಂದವರೂ 16 ಅಂದವರೂ ಅರ್ಧರ್ಧ ಹೇಳಿದ್ದಾರೆ. ಸೊಪ್ಪು, ಹೂವಿನಂಥ ಮೆತ್ತನೆ ದ್ರವ್ಯಕ್ಕೆ (ದ್ರವ್ಯ ಅಂದರೆ ಔಷಧಿ ಸಾಮಗ್ರಿ) 4 ಪಾಲು ನೀರು, ಮಧ್ಯಮಕ್ಕೆ 8, ಬೇರು-ತೊಗಟೆ-ಚಕ್ಕೆಯಂಥ ಗಟ್ಟಿಗೆ 16, ಮೂರನ್ನೂ ಕಾಲು ಭಾಗಕ್ಕೆ ಇಳಿಸೋದು ಒಂದು ಪದ್ಧತಿ. ಶಾರ್ಙ್ಗಧರ ಸಂಹಿತೆಯ ಪದ್ಧತಿ 16 ಪಾಲು ಹಾಕಿ ಎಂಟನೇ ಒಂದಕ್ಕೆ ಇಳಿಸೋದು: ಒಂದು ಪಲ ಅಂದರೆ 48 ಗ್ರಾಂ ದ್ರವ್ಯ, 768 ಮಿಲಿ ನೀರು, ಉಳಿಯೋದು 96 ಮಿಲಿ. ಯಾವ ಯೋಗಕ್ಕೆ (ಅಂದರೆ ಔಷಧಿ ಸೂತ್ರಕ್ಕೆ) ಯಾವುದು ಹೇಳಿದೆಯೋ ಅದನ್ನೇ ಹಿಡಿಯಿರಿ. ಒಂದರ ನೀರು, ಇನ್ನೊಂದರ ಇಳಿತ ಸೇರಿಸಿದರೆ ಕಷಾಯದ ಬಲ ಅರ್ಧವೋ ಎರಡರಷ್ಟೋ ಆಗುತ್ತೆ.

ದ್ರವ್ಯ ತರಿತರಿಯಾಗಿ ಕುಟ್ಟಬೇಕು, ಗೋಧಿ ನುಚ್ಚಿನಷ್ಟು. ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದರೆ ಗಂಜಿ ಥರ ಆಗಿ ತಳ ಹಿಡಿಯುತ್ತೆ, ಸೋಸಕ್ಕೂ ಆಗಲ್ಲ. ಇಳಿತ ಕಣ್ಣಂದಾಜಲ್ಲಿ ನೋಡಬೇಡಿ. ಕೊನೆಗೆ ಎಷ್ಟು ಉಳಿಯಬೇಕೋ ಅಷ್ಟು ನೀರು ಮೊದಲು ಪಾತ್ರೆಗೆ ಹಾಕಿ ಕಡ್ಡಿ ನಿಲ್ಲಿಸಿ ಗುರುತು ಮಾಡಿ, ಆಮೇಲೆ ಉಳಿದ ನೀರು ಸೇರಿಸಿ. ದ್ರವ್ಯವೇ ಸ್ವಲ್ಪ ಜಾಗ ತಿನ್ನುತ್ತೆ, ಹಾಗಾಗಿ ಸೋಸಿದ ಮೇಲೆ ಒಮ್ಮೆ ಅಳೆದು ನೋಡಿ. ಮುಚ್ಚಳ ಮುಚ್ಚದೆ ಸಣ್ಣ ಉರಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ. ಅಳಲೆ, ತಾರೆ, ನೆಲ್ಲಿಚೆಟ್ಟು ಕಬ್ಬಿಣದಲ್ಲಿ ಕುದಿಸಿದರೆ ಮಸಿ ಆಗುತ್ತೆ. ಕಷಾಯ ಅವತ್ತಿಂದು ಅವತ್ತೇ. ಫ್ರಿಜ್ಜಲ್ಲಿಟ್ಟು ಮೂರು ದಿನ ಓಡಿಸೋದು ಕಷಾಯ ಅಲ್ಲ, ಹುಳಿನೀರು.

ಹಸಿ ದ್ರವ್ಯವಾದರೆ ಒಣದ್ದರ ಎರಡು ಪಟ್ಟು ಅಂತ ನಿಯಮ. ಅಮೃತಬಳ್ಳಿ, ಆಡುಸೋಗೆ, ಶತಾವರಿ, ಅಶ್ವಗಂಧ ಇಂಥ ಕೆಲವಕ್ಕೆ ಆ ನಿಯಮ ಇಲ್ಲ. ಅವನ್ನು ಹಸಿಯಾಗೇ ಬಳಸಬೇಕು, ದುಪ್ಪಟ್ಟು ಮಾಡಬಾರದು. ಹೊಸಬರು ಇಲ್ಲೇ ಎಡವೋದು.

ಬೆಟ್ಟದಡಿ:
ತುಂಬಾ ಥ್ಯಾಂಕ್ಸ್. ಇನ್ನೆರಡು ಕೇಳ್ತೀನಿ. ನಮ್ಮಲ್ಲಿ ಬೋರ್‌ವೆಲ್ ನೀರೇ ಗತಿ, ಕಷಾಯಕ್ಕೆ ನಡೆಯುತ್ತಾ? ಮತ್ತೆ ಗರುಗದ ಸೊಪ್ಪಿನ ಎಣ್ಣೆ ಕಾಯಿಸಿದರೆ ತಿಂಗಳಲ್ಲಿ ಮುಗ್ಗಲು ವಾಸನೆ ಬರುತ್ತೆ ಅಂತಾರಲ್ಲ, ಯಾಕೆ?

ಮುಳಬಾಗಿಲಿನಿಂದ:
ನೀರಿನ ಪ್ರಶ್ನೆ ಕೇಳಿದ್ದು ಒಳ್ಳೇದಾಯ್ತು, ಇದನ್ನ ಯಾರೂ ಹೇಳಲ್ಲ. ಕೋಲಾರ, ಬಾಗೇಪಲ್ಲಿ, ಪಾವಗಡ ಕಡೆ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಆಗಲ್ಲ. ಲೀಟರಿಗೆ 2 ಮಿಲಿಗ್ರಾಂ ಇರೋ ನೀರು 768 ಮಿಲಿ ಹಾಕಿ 96ಕ್ಕೆ ಇಳಿಸಿದರೆ ಒಂದೂವರೆ ಮಿಲಿಗ್ರಾಂ ಹೆಚ್ಚುಕಡಿಮೆ ಆ ಅರ್ಧ ಲೋಟದಲ್ಲೇ ಉಳಿಯುತ್ತೆ. ಕುಡಿಯೋ ನೀರಿಗೆ ಮಿತಿ ಲೀಟರಿಗೆ ಒಂದೂವರೆ ಅಂತ ನೆನಪಿಟ್ಟುಕೊಳ್ಳಿ. ಫ್ಲೋರೈಡ್ ಅತಿಯಾದರೆ ಅದೇ ಕೀಲು ಹಿಡಿಸುತ್ತೆ, ಕೀಲುನೋವಿಗೆ ಅಂತ ಈ ಕಷಾಯ ತಿಂಗಳಾನುಗಟ್ಟಲೆ ಕುಡಿಸಿದರೆ ಏನು ಬಂತು? ಶುದ್ಧ ನೀರಿನ ಘಟಕದ ಆರ್‌ಒ ನೀರು ತನ್ನಿ, ಇಲ್ಲ ಹಿಡಿದಿಟ್ಟ ಮಳೆನೀರು ಬಳಸಿ.

ಇನ್ನೊಂದು, ಕೆರೆಯಂಚಿನ ಒಂದೆಲಗ, ನೀರುಬ್ರಾಹ್ಮಿ. 2018ರಿಂದ ನಮ್ಮ ಕೋಲಾರದ ಕೆರೆಗಳಿಗೆ ಕೆ.ಸಿ. ವ್ಯಾಲಿ ನೀರು ಬರ್ತಿದೆ, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ. ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ ಬಿಡೋ ನೀರು ಅದು. ನೀರುಬ್ರಾಹ್ಮಿಯಂಥ ಗಿಡ ಭಾರಲೋಹಗಳನ್ನ ಹೀರಿ ಇಟ್ಟುಕೊಳ್ಳೋ ಜಾತಿ. ಅಂಥ ಕೆರೆಯಿಂದ ಔಷಧಿಗೆ ಕೀಳಬೇಡಿ. ಮನೆ ಹಿಂದೆ ತೊಟ್ಟಿಯಲ್ಲಿ ಹಾಕಿದರೆ ಸುಮ್ಮನೆ ಹಬ್ಬುತ್ತೆ.

ಗ್ರಂದಿಗೆ:
ಎಣ್ಣೆ ಮುಗ್ಗೋದು ಒಳಗೆ ನೀರಂಶ ಉಳಿದಿದ್ದಕ್ಕೆ. ಲೆಕ್ಕ 1:4:16. ಕಲ್ಕ (ಅರೆದ ಸೊಪ್ಪಿನ ಮುದ್ದೆ) 60 ಗ್ರಾಂ, ಎಳ್ಳೆಣ್ಣೆ 240 ಮಿಲಿ, ಗರುಗದ ರಸ 960 ಮಿಲಿ. ಸಣ್ಣ ಉರಿ, ತಳ ಕೆದಕ್ತಾ ಇರಿ. ಒಂದೇ ದಿನಕ್ಕೆ ಮುಗಿಸೋ ಅವಸರ ಬೇಡ. ಕಲ್ಕ ತೆಗೆದು ಬೆರಳಲ್ಲಿ ಹೊಸೆದರೆ ಬತ್ತಿ ಆಗಬೇಕು, ಆ ಬತ್ತಿ ಉರಿಗೆ ಹಿಡಿದರೆ ಚಟಪಟ ಸದ್ದು ಬರಬಾರದು. ಸದ್ದು ಬಂದರೆ ನೀರಿದೆ. ಎಣ್ಣೆಯಾದರೆ ಪಾಕ ಮುಗಿಯೋ ಹೊತ್ತಿಗೆ ನೊರೆ ಏಳುತ್ತೆ, ತುಪ್ಪವಾದರೆ ನೊರೆ ಅಡಗುತ್ತೆ. ಕಲ್ಕ ಕರಕಲಾಗಿ ಪುಡಿಪುಡಿ ಆದರೆ ಎಣ್ಣೆ ಕೆಟ್ಟಿತು, ಆಮೇಲೆ ಏನು ಮಾಡಿದರೂ ಸರಿಹೋಗಲ್ಲ. ಬಿಸಿ ಇರುವಾಗಲೇ ಸೋಸಿ, ಪೂರ್ತಿ ಆರಿದ ಮೇಲೆ ಒಣ ಬಾಟಲಿಗೆ ಹಾಕಿ. ಬಾಟಲಿ ತೊಳೆದು ಒರೆಸಿ ಹಂಗೇ ತುಂಬಿಸೋರೇ ಜಾಸ್ತಿ. ಮಾಡಕ್ಕೆ ಬಂದರೆ ಅಂಗಡಿಗೆ ಕೊಟ್ಟು ಮಾರಲೂಬಹುದು, ಒಳ್ಳೇ ಬೇಡಿಕೆ ಇದೆ.

ತುಮಕೂರು ವೈದ್ಯ:
ಗ್ರಂದಿಗೆಯವರೇ, ಕೊನೇ ಮಾತು ಒಪ್ಪಲಾರೆ. ವೈದ್ಯರು ತಮ್ಮ ರೋಗಿಗಳಿಗೆ ತಾವೇ ಮಾಡಿಕೊಡುವುದಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ. ಅಂಗಡಿಗೆ ಮಾರಲು ಆಯುಷ್ ಇಲಾಖೆಯ ಔಷಧ ಪರವಾನಗಿ ಬೇಕು. ಲೇಬಲ್ಲಿನಲ್ಲಿ "ಬೊಕ್ಕತಲೆ ವಾಸಿ" ಅಂತೆಲ್ಲ ಬರೆದುಕೊಂಡರೆ ಅದು ಇನ್ನೊಂದು ಕೇಸು.

ಬೆಟ್ಟದಡಿಯವರಿಗೆ: ಎಕ್ಕ, ಉಮ್ಮತ್ತಿ, ಗುಲಗಂಜಿ, ಅಗ್ನಿಶಿಖೆ ಗೆಡ್ಡೆ, ಕಣಗಿಲೆ, ಕರಿಗೇರು ಬೀಜ (ಭಲ್ಲಾತಕ, ಗೋಡಂಬಿ ಅಲ್ಲ) ಔಷಧ ಕಾನೂನಿನ ವಿಷದ್ರವ್ಯಗಳ ಪಟ್ಟಿಯಲ್ಲೇ ಇವೆ. ಗುರುತು ಕಲಿಯಿರಿ, ತಯಾರಿಕೆಗೆ ಕೈ ಹಾಕಬೇಡಿ. ಚಿತ್ರಮೂಲದ ಬೇರನ್ನೂ ಇವುಗಳ ಜೊತೆಗೇ ಸೇರಿಸಿಕೊಳ್ಳಿ: ಚರ್ಮಕ್ಕೆ ತಗುಲಿದರೆ ಬೊಬ್ಬೆ, ಗರ್ಭಿಣಿಗೆ ಕೊಟ್ಟರೆ ಗರ್ಭಕ್ಕೇ ಅಪಾಯ. ಮನೆಯವರಿಗೆ ಏನೇ ಕೊಡುವ ಮೊದಲೂ ಈಗ ಯಾವ ಮಾತ್ರೆ ನಡೆಯುತ್ತಿದೆ ಅಂತ ಕೇಳಿ. ಶುಗರ್ ಮಾತ್ರೆ ನುಂಗುವವರಿಗೆ ಮಧುನಾಶಿನಿ ಸೇರಿದರೆ ಸಕ್ಕರೆ ತೀರಾ ಇಳಿದು ತಲೆಸುತ್ತಿ ಬೀಳಬಹುದು. ಬಿಪಿ ಇರುವವರಿಗೆ ದಿನಾ ಅತಿಮಧುರ ಕೊಟ್ಟರೆ ಬಿಪಿ ಏರುತ್ತದೆ. ನೀಟ್ ಬರೆಯುವ ಮನಸ್ಸಿದ್ದರೆ ಪಿಯುಸಿ ಅಂಕಪಟ್ಟಿ ತೆಗೆದು ಆ ಮೂರು ವಿಷಯದ ಒಟ್ಟು ಈಗಲೇ ಕೂಡಿ ನೋಡಿ.