ಬಣ್ಣದ ಮರಳು ಕೆಸರಲ್ಲಿ ಬೆರೆಯುತ್ತಲೇ ಇಲ್ಲ, ಹಾಗೇ ಕೆಳಗಿಳಿದಿದೆ!

ಹೂಳುಗಣ್ಣ: ತಲೆ ಕೆಟ್ಟುಹೋಗಿದೆ. ತೆಳು ಗಾಜಿನ ತೊಟ್ಟಿಗೆ ಕೆರೆ ತಳದ ಕೆಸರು ತುಂಬಿ, ಮೇಲೆ ನೀಲಿ ಮರಳು ಹರಡಿ, ಹುಳು ಬಿಟ್ಟೆ. ಮರಳು ಎಲ್ಲ ಕಡೆ ಚದುರಬೇಕಿತ್ತು ಅಲ್ವಾ? ಈಗ ನೋಡಿದರೆ ಗೆರೆ ಎಳೆದ ಹಾಗೆ ನಾಲ್ಕು ಸೆಂ.ಮೀ. ಕೆಳಗೆ ಕೂತಿದೆ. ಅದರ ಮೇಲೆ ಕೆಸರು. ನಾನಂತೂ ಆಮೇಲೆ ಒಂದು ಚಮಚವೂ ಸುರಿದಿಲ್ಲ.

ಪಂಪ್‌ರಾಯ: ಏರ್ ಪಂಪ್ ಎಲ್ಲಿಟ್ಟಿದ್ದೀರಿ? ವೈಬ್ರೇಶನ್‌ಗೆ ಮರಳು ಇಳಿದಿದೆ. ಕೆಳಗೆ ಸ್ಪಾಂಜ್ ಕೊಡಿ.

ತಳವಾಸಿ: ಯಾವ ಹುಳು? ಮರಳಿನ ಕಣ ಎಷ್ಟು ದಪ್ಪ? ಅಷ್ಟೂ ಹೇಳದಿದ್ದರೆ ಹೇಗೆ ಮಾರಾಯರೇ?

ಹೂಳುಗಣ್ಣ: ಮಾಮೂಲಿ ಕೆಂಪು ಹುಳು. ಮರಳು ಅಕ್ವೇರಿಯಂದು. ಪಂಪ್ ಗೋಡೆಗೆ ನೇತುಹಾಕಿದ್ದೇನೆ.

ಪಂಪ್‌ರಾಯ: ಗೋಡೆಯಿಂದಲೂ ಬರುತ್ತದೆ. ಸ್ಪಾಂಜ್.

ಗಾಜುಗಾರ: ಕೆಂಪು ಅಂದರೆ ಬ್ಲಡ್‌ವರ್ಮ್. ಅದು ಹುಳುವೇ ಅಲ್ಲ, ಸೊಳ್ಳೆಯಂತೆ ಕಾಣುವ ಕಚ್ಚದ ನೊಣದ ಮರಿ.

ತಳವಾಸಿ: ಕೆಸರಲ್ಲಿ ಬದುಕುವ ಟ್ಯೂಬಿಫೆಕ್ಸ್ ಹುಳುವೂ ಕೆಂಪೇ ಸ್ವಾಮಿ, ಎರಡರಲ್ಲೂ ಹಿಮೋಗ್ಲೋಬಿನ್ ಇದೆ. ಹೂಳುಗಣ್ಣ ಅವರೇ, ಬಾಲ ಕೆಸರಿನಿಂದ ಹೊರಗೆ ಅಲ್ಲಾಡುತ್ತದಾ? ಗಾಜು ತಟ್ಟಿದರೆ ಒಳಗೆ ಸೇರುತ್ತದಾ?

ಹೂಳುಗಣ್ಣ: ಹೌದು! ತಟ್ಟಿದರೆ ಎಲ್ಲ ಒಟ್ಟಿಗೆ ಮಾಯ. ಸುತ್ತ ಸಣ್ಣ ಸಣ್ಣ ಉಂಡೆಗಳ ಗುಡ್ಡೆ ಇದೆ.

ತಳವಾಸಿ: ಹಾಗಾದರೆ ಟ್ಯೂಬಿಫೆಕ್ಸ್. ಆ ಉಂಡೆಗಳು ಅದರ ಹಿಕ್ಕೆ. ತಲೆ ಕೆಳಗೆ, ಬಾಲ ಮೇಲೆ. ಕೆಲವು ಸೆಂ.ಮೀ. ಆಳದಲ್ಲಿ ಹೂಳು ತಿಂದು ಮೇಲೆ ತಂದು ಹಾಕುತ್ತದೆ. ನಿಮ್ಮ ಹೊಸ ಕೆಸರು ಬಂದದ್ದು ಅಲ್ಲಿಂದ. ಅದು ನುಂಗುವುದು ಹೆಚ್ಚಾಗಿ 63 ಮೈಕ್ರಾನ್‌ಗಿಂತ ಸಣ್ಣ ಕಣ. ಅಕ್ವೇರಿಯಂ ಮರಳು ಬಾಯಿಗೇ ಹೋಗಲ್ಲ. ಅಡಿಯ ಹೂಳು ಖಾಲಿಯಾದಂತೆ ಮರಳಿನ ಪದರ ಇಳಿಯುತ್ತದೆ, ಹುಳು ತಿನ್ನುವ ಆಳಕ್ಕೆ ಬಂದು ನಿಲ್ಲುತ್ತದೆ. ನುಣ್ಣನೆ ಬಣ್ಣದ ಜೇಡಿ ಹಾಕಿದ್ದರೆ ಅದು ಮತ್ತೆ ಮೇಲೆ ಬರುತ್ತಿತ್ತು. ಹೂಳಿನ ವಯಸ್ಸು ಹುಡುಕುವವರ ತಲೆನೋವೂ ಇದೇ. ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಂ-137 ಎಂಬ ವಿಕಿರಣಶೀಲ ಧಾತು 1963ರ ಪದರದಲ್ಲಿ ಚೂಪಾಗಿ ಕಾಣಬೇಕು. ಅದು ಅಂಟಿಕೊಳ್ಳುವುದು ಜೇಡಿಗೆ. ಹುಳು ಜೇಡಿಯನ್ನು ಮೇಲಕ್ಕೆ ತಂದರೆ ಗುರುತು ಮಸುಕು.

ಪಂಪ್‌ರಾಯ: ಸರಿ, ಆದರೂ ಸ್ವಲ್ಪ ವೈಬ್ರೇಶನ್...

ತಳವಾಸಿ: ಅದೇ ಪಂಪ್, ಅದೇ ಕೆಸರು, ಹುಳು ಇಲ್ಲದ ಇನ್ನೊಂದು ತೊಟ್ಟಿ ಪಕ್ಕದಲ್ಲಿಡಲಿ. ಅಲ್ಲೂ ಮರಳು ಇಳಿದರೆ ನೀವು ಗೆದ್ದಿರಿ.

ಗಾಜುಗಾರ: ನನ್ನದರಲ್ಲಿ ಎರಡು ಗಾಜಿನ ನಡುವೆ ಒಂದೇ ಸೆಂ.ಮೀ. ಹಿಂದೆ ಎಲ್‌ಇಡಿ, ಟೈಮ್‌ಲ್ಯಾಪ್ಸ್ ಬೇರೆ. ಬ್ಲಡ್‌ವರ್ಮ್ ಯು ಆಕಾರದ ಬಿಲದಲ್ಲಿ ಮೈ ಕುಣಿಸಿ ನೀರು ಎಳೆಯುವುದು ನೋಡಬೇಕು. ಕಪ್ಪು ಕೆಸರಲ್ಲಿ ಬಿಲದ ಸುತ್ತ ಮಾತ್ರ ಕಂದು ಉಂಗುರ. ಆಮ್ಲಜನಕ ತಗುಲಿ ಕಬ್ಬಿಣಕ್ಕೆ ತುಕ್ಕು!

ಹೂಳುಗಣ್ಣ: ಚೆನ್ನಾಗಿದೆ, ಆದರೆ ನನ್ನ ಪ್ರಶ್ನೆ... ಮರಳನ್ನೂ ಜೇಡಿಯನ್ನೂ ಒಂದೇ ತೊಟ್ಟಿಗೆ ಹಾಕಬಹುದಾ?

ಪಂಪ್‌ರಾಯ: @ಗಾಜುಗಾರ, ಕ್ಯಾಮೆರಾ ಸ್ಟ್ಯಾಂಡ್ ಅಲ್ಲಾಡುವುದಿಲ್ಲವಾ?