'ಕುಂದರ್ರಿ', 'ಕೂಡ್ರಿ' ತಪ್ಪು ಕನ್ನಡವೇ?

ನಮ್ಮ ಕಲಬುರಗಿ ಕಡೆ ಮನೆಗೆ ಯಾರಾದರೂ ಬಂದರೆ 'ಬರ್ರಿ, ಕುಂದರ್ರಿ' ಅನ್ನುತ್ತೇವೆ. ಕೆಲವರ ಬಾಯಲ್ಲಿ ಅದು 'ಕೂಡ್ರಿ'. ಬರೆಯಲು ಕೂತರೆ ಮಾತ್ರ ಎಲ್ಲರೂ 'ಕುಳಿತುಕೊಳ್ಳಿ' ಅಂತಲೇ ಬರೆಯುತ್ತೇವೆ. ಇವನ್ನು ಆಡುಮಾತು ಅನ್ನಿ, ಒಪ್ಪುತ್ತೇನೆ. ತಪ್ಪು ಅನ್ನುವುದನ್ನು ಒಪ್ಪಲಾರೆ.

ಹಳೆಯ ರೂಪ 'ಕುಳ್ಳಿರು'. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಬಸವಣ್ಣನವರ ವಚನದಲ್ಲಿ 'ಕುಳ್ಳಿರೆಂದಡೆ ನೆಲ ಕುಳಿಹೋಹುದೆ' ಅಂತ ಬರುತ್ತದಲ್ಲ, ಬಂದವರನ್ನು ಕೂಡಲು ಹೇಳುವ ಮಾತೇ ಅದು. ಅಲ್ಲಿ 'ಕೊಳ್ಳಿ' ಇಲ್ಲ. ನಮ್ಮ 'ಕುಂದರ್ರಿ'ಗೂ ಅದು ಬೇಕಿಲ್ಲ. ಆ ಕಲ್ಯಾಣವೇ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ.

'ಕೂಡ್ರಿ' ಕೇಳಿದ ಹೊರಗಿನವರಿಗೆ ಗೊಂದಲ ಆಗುವುದು ಸಹಜ. ಸೇರುವುದಕ್ಕೂ 'ಕೂಡು' ಅಂತಲೇ ಅನ್ನುತ್ತೇವೆ. ಆದರೆ ಆಗಿಹೋದ ಕೆಲಸ ಹೇಳುವಾಗ ಎರಡೂ ಬೇರೆಯಾಗುತ್ತವೆ. ಸೇರಿದವರು 'ಕೂಡಿದರು', ಆಸನ ಹಿಡಿದವರು 'ಕೂತರು'. ಮತ್ತೆ ಒಂದಾಗುವುದು 'ಕೂಡಿಸು'ವಿನಲ್ಲಿ. ಲೆಕ್ಕವನ್ನೂ ಕೂಡಿಸುತ್ತೇವೆ, ಚೌತಿಗೆ ಗಣಪತಿಯನ್ನೂ ಕೂಡಿಸುತ್ತೇವೆ. ಮೊಹರಂಗೆ ಪೀರ ದೇವರನ್ನು ಕೂಡಿಸುವುದೂ ಇದೇ ಮಾತಿನಲ್ಲಿ. ಹಳೆ ಮೈಸೂರಿನವರು ಗಣಪತಿ 'ಕೂರಿಸು' ಅನ್ನುತ್ತಾರೆ, ಅಲ್ವಾ?

ನನಗೆ ಜಾಸ್ತಿ ಇಷ್ಟವಾದ ಬಳಕೆ ಇನ್ನೊಂದಿದೆ. 'ಸುಮ್ನೆ ನೋಡ್ಕೋತ ಕುಂದರಬ್ಯಾಡ' ಅಂದಾಗ ಎದುರಿಗಿದ್ದವನು ನಿಂತೇ ಇರಬಹುದು. 'ಹೇಳಿದ್ದೇ ಹೇಳ್ಕೋತ ಕುಂತಾನ' ಅಂದರೂ ಹಾಗೇ. ಇಲ್ಲಿ ಕುರ್ಚಿ, ಚಾಪೆಯ ಮಾತೇ ಇಲ್ಲ. ಕೆಲಸ ಮುಗಿಯದೆ ಎಳೆಯುತ್ತಿದೆ, ಅದು ಹೇಳುವವನಿಗೆ ಹಿಡಿಸಿಲ್ಲ, ಅಷ್ಟೇ. 'ನೋಡುತ್ತಿದ್ದಾನೆ' ಅಂದರೆ ಆ ಬೇಸರ ಬರುವುದಿಲ್ಲ. ಆದರೆ ಎಲ್ಲ ಕಡೆ ಬೇಸರವೇ ಅಂತಲೂ ಅಲ್ಲ. 'ಊಟಕ್ಕ ಕುಂತಾರ' ಅಂದರೆ ಊಟ ಶುರುವಾಗಿದೆ, ಈಗ ಎಬ್ಬಿಸಬಾರದು. 'ಮಗ ಅಂಗಡ್ಯಾಗ ಕುಂದರ್ತಾನ' ಅಂದರೆ ವ್ಯಾಪಾರ ಅವನೇ ನೋಡಿಕೊಳ್ಳುತ್ತಾನೆ. 'ಮಗ ಮನ್ಯಾಗ ಕುಂತಾನ' ಅಂದರೆ ಅವನಿಗೆ ಕೆಲಸ ಸಿಕ್ಕಿಲ್ಲ. ತಾಯಂದಿರು ಇದನ್ನು ದನಿ ತಗ್ಗಿಸಿ ಹೇಳುತ್ತಾರೆ. ಲೆಕ್ಕ ತಿಳಿಯದ ಹುಡುಗ 'ತಲ್ಯಾಗ ಕುಂದ್ರವಲ್ದು' ಅನ್ನುತ್ತಾನೆ.

ಕಥೆ, ಸಂಭಾಷಣೆ ಬರೆಯುವವರು ನಮ್ಮ ಕಡೆಯ ಪಾತ್ರದ ಬಾಯಲ್ಲಿ 'ಕುಳಿತುಕೊಳ್ಳಿ' ಇಡುವುದನ್ನು ದಯವಿಟ್ಟು ಬಿಡಬೇಕು. 'ರಿ' ಸೇರಿದ ಮೇಲೆ 'ಕುಂದರ್ರಿ'ಯಲ್ಲಿ ಮರ್ಯಾದೆ ಕಡಿಮೆ ಆಗುವುದಿಲ್ಲ.

ಬೀದರ್, ಯಾದಗಿರಿ ಕಡೆಯವರಿಗೆ ಒಂದು ಪ್ರಶ್ನೆ: ಮಗುವನ್ನು ತೊಡೆಯ ಮೇಲೆ 'ಕೂಡಿಸ್ಕೋ' ಅನ್ನುತ್ತೀರೋ, 'ಕುಂದ್ರಸ್ಕೋ' ಅನ್ನುತ್ತೀರೋ? ತಾಲ್ಲೂಕಿನ ಹೆಸರನ್ನೂ ಹೇಳಿ.