ಚರ್ಮದ ಕೈಕೆಲಸ: ಮೊದಲು ಉಪಕರಣಕ್ಕೆ ಹಣ ಹಾಕಬೇಕೋ, ಚರ್ಮಕ್ಕೋ?

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕಿನ ನೌಕರಿಯಲ್ಲಿದ್ದು, ಮೂರು ತಿಂಗಳಿಂದ ಸಂಜೆಯ ಹೊತ್ತು ಚರ್ಮದ ಕೈಕೆಲಸ ಕಲಿಯಲು ಪ್ರಯತ್ನಿಸುತ್ತಿದ್ದೇನೆ. ಆರಂಭದಲ್ಲಿ ಯಾರನ್ನೂ ಕೇಳದೆ 32 ಸಾಮಾನುಗಳ ಒಂದು ಕಿಟ್ ತರಿಸಿಕೊಂಡೆ. ಅದರಲ್ಲಿ ಅರ್ಧದಷ್ಟು ಹೂವು, ಎಲೆ, ಬುಟ್ಟಿ ಹೆಣಿಗೆಗಳ ಅಚ್ಚು ಮೂಡಿಸುವ ಕಬ್ಬಿಣದ ಕಡ್ಡಿಗಳೇ ಇವೆ. ಅಂಗಡಿಯೊಂದರಲ್ಲಿ ‘ಅಪ್ಪಟ ಚರ್ಮ’ ಎಂದು ಹೇಳಿ ಕೊಟ್ಟ ಕಪ್ಪು ತುಂಡಿನಲ್ಲಿ ಕಾರ್ಡುಗಳನ್ನಿಡುವ ಪುಟ್ಟ ಪರ್ಸ್ ಹೊಲಿದೆ. ಸುತ್ತಿಗೆಯಿಂದ ಹೊಡೆದು ಮೂಡಿಸಿದ ಹೂವು ಮರುದಿನ ಬೆಳಗ್ಗೆ ಹುಡುಕಿದರೂ ಕಾಣಲಿಲ್ಲ. ಅಂಚಿಗೆ ನೀರು ಹಚ್ಚಿ ಅರ್ಧ ಗಂಟೆ ಉಜ್ಜಿದರೂ ಹೊಳಪು ಬಾರದೆ, ಕಂಬಳಿಯ ಅಂಚಿನಂತೆ ನಾರು ನಾರಾಗಿಯೇ ಉಳಿಯಿತು. ತಪ್ಪು ನನ್ನ ಕೈಯದೋ, ಅಗ್ಗದ ಉಪಕರಣಗಳದ್ದೋ, ಚರ್ಮದ್ದೋ ತಿಳಿಯುತ್ತಿಲ್ಲ. ಮುಂದೆ ಒಂದು ಪರ್ಸ್ ಮತ್ತು ತಂದೆಯವರಿಗೆ ಒಂದು ಬೆಲ್ಟ್ ಮಾಡುವ ಆಸೆಯಿದೆ. ಇದಕ್ಕೆಂದು ಮೂರು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಅನುಭವಿಗಳು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಸಂಜೆಗೆಲಸ, ಬೆಂಗಳೂರು:

ತುಂಗಾತೀರ ಅವರೇ, ತಪ್ಪು ನಿಮ್ಮ ಕೈಯದಲ್ಲ. ನೀವು ಹೇಳಿದ ಎರಡೂ ಲಕ್ಷಣಗಳನ್ನು ನೋಡಿದರೆ ಅದು ಕ್ರೋಮ್ ಹದದ ಚರ್ಮ. ಹೊಸ ಬ್ಲೇಡಿನಿಂದ ಒಂದು ಮೂಲೆಯನ್ನು ಕೊಯ್ದು ಒಳಪದರವನ್ನು ಬೆಳಕಿನಲ್ಲಿ ನೋಡಿ. ಮೇಲೆ ಕಪ್ಪು ಬಣ್ಣವಿದ್ದು ನಡುವೆ ತಿಳಿನೀಲಿ ಬೆರೆತ ಬೂದುಬಣ್ಣ ಕಂಡರೆ ಸಂದೇಹವೇ ಬೇಡ. ಬಣ್ಣ ನಡುವಿನವರೆಗೂ ಇಳಿದಿದ್ದರೆ ಈ ಪರೀಕ್ಷೆ ಕೈಕೊಡುತ್ತದೆ. ಆಗ ಉಗುರಿನಷ್ಟು ಚೂರನ್ನು ಇಕ್ಕಳದಲ್ಲಿ ಹಿಡಿದು, ಕಿಟಕಿ ತೆರೆದಿಟ್ಟು ಸುಟ್ಟರೆ, ಕ್ರೋಮ್ ಚರ್ಮದ ಬೂದಿಯಲ್ಲಿ ಹಸಿರು ಛಾಯೆ ಉಳಿಯುತ್ತದೆ.

ಹಸಿ ತೊಗಲು ಕೊಳೆಯದಂತೆ ಮಾಡುವುದೇ ಹದ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದರೆ ಕೆಲಸ ಒಂದೆರಡು ದಿನಗಳಲ್ಲಿ ಮುಗಿದು, ಮೃದುವಾದ, ನೀರಿಗೆ ಅಷ್ಟಾಗಿ ಅಂಜದ ಚರ್ಮ ಸಿಗುತ್ತದೆ. ಶೂ, ಜಾಕೆಟ್, ಸೋಫಾಗಳಲ್ಲಿ ನಾವು ಕಾಣುವ ಬಹುಪಾಲು ಚರ್ಮ ಇದೇ. ತೊಗಟೆ, ಕಾಯಿಗಳ ಒಗರು ರಸದಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡಿದ ಚರ್ಮ ಗಡುಸಾಗಿದ್ದು, ತೇವ ಮಾಡಿದಾಗ ಒತ್ತಿದ ಗುರುತನ್ನು ಹಿಡಿದುಕೊಂಡು ಒಣಗಿದ ಮೇಲೂ ಬಿಡುವುದಿಲ್ಲ, ಉಜ್ಜಿದರೆ ಅದರ ಅಂಚಿನ ನಾರುಗಳು ಒಂದಕ್ಕೊಂದು ಕೂಡಿ ಹೊಳೆಯುತ್ತವೆ. ಕ್ರೋಮ್ ಚರ್ಮವಾದರೋ ಸ್ಪಂಜಿನಂತೆ ಒತ್ತಿದಷ್ಟೇ ಬೇಗ ಮೇಲೇಳುತ್ತದೆ. ನಿಮ್ಮ ಹೂವು ಮಾಯವಾದದ್ದು ಹೀಗೆ.

‘ಅಪ್ಪಟ ಚರ್ಮ’ ಎಂಬ ಮಾತಿನಿಂದ ದರ್ಜೆ ತಿಳಿಯುವುದಿಲ್ಲ. ತೊಗಲಿನ ಮೇಲ್ಪದರವನ್ನು ಸೀಳಿ ತೆಗೆದ ಮೇಲೆ ಉಳಿಯುವ ಕೆಳಪದರಕ್ಕೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟು ಮಾರಿದರೂ ಅದು ಅಪ್ಪಟವೇ! ನೀವು ಕೇಳಬೇಕಾದದ್ದು ಫುಲ್ ಗ್ರೇನ್ (ಅಂದರೆ ಮೇಲ್ಪದರ ಹಾಗೆಯೇ ಉಳಿದಿರುವ), ತೊಗಟೆ ಹದದ ಚರ್ಮ; ಅಂಗಡಿಗಳಲ್ಲಿ ‘ವೆಜ್ ಟ್ಯಾನ್’ ಎಂದರೆ ಬೇಗ ಅರ್ಥವಾಗುತ್ತದೆ. ಪರ್ಸಿಗೆ 1ರಿಂದ 1.2 ಮಿಲಿಮೀಟರ್ ದಪ್ಪ ಸಾಕು, ಬೆಲ್ಟಿಗೆ 3.5ರಿಂದ 4 ಮಿಲಿಮೀಟರ್ ಬೇಕು. ಕೆಲವು ಮಾರಾಟಗಾರರು ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಸುಮಾರು 0.4 ಮಿಲಿಮೀಟರ್. ಚರ್ಮವನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುವುದರಿಂದ, ಬೆಲ್ಟಿನ ಉದ್ದಕ್ಕಾಗಿ ಇಡೀ ಅರ್ಧ ತೊಗಲು ಕೊಳ್ಳುವ ದುಂದು ಬೇಡ, ಬೆನ್ನಿನ ಭಾಗದಿಂದ ಕತ್ತರಿಸಿದ ಪಟ್ಟಿಯನ್ನೇ ಕೇಳಿ. ಹೊಟ್ಟೆಯ ಭಾಗ ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಬೆಲ್ಟ್ ಕೆಲವೇ ತಿಂಗಳಲ್ಲಿ ಎಳೆದುಕೊಂಡು ಸೊಟ್ಟಗಾಗುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೂರರಲ್ಲಿ ಎರಡು ಪಾಲು ಹಣವನ್ನು ಚರ್ಮಕ್ಕೇ ಹಾಕುತ್ತಿದ್ದೆ.

ಅಥಣಿ ಕಡೆಯವ:

ಮೇಲಿನವರು ಚರ್ಮದ ಬಗ್ಗೆ ಸರಿಯಾಗಿ ಬರೆದಿದ್ದಾರೆ. ಹತಾರಗಳ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯದು ಕೊಲ್ಹಾಪುರಿ ಚಪ್ಪಲಿಯ ಕೆಲಸ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಆ ಚಪ್ಪಲಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿವೆ. ತೊಗಲನ್ನು ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಕರಿಜಾಲಿ ತೊಗಟೆಯ, ಅಳಲೆಕಾಯಿಯ ನೀರು ತುಂಬಿ ಹದ ಮಾಡುವ ಪದ್ಧತಿಯನ್ನು ನಮ್ಮ ಅಜ್ಜ ಮಾಡುತ್ತಿದ್ದುದನ್ನು ನಾನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದೇನೆ. ತೊಗಟೆ ಹದದ ಚರ್ಮ ಹೇಗಿರುತ್ತದೆಂದು ತಿಳಿಯಬೇಕಾದರೆ ಕೈಯಿಂದ ಮಾಡಿದ ಒಂದು ಕೊಲ್ಹಾಪುರಿ ಚಪ್ಪಲಿಯ ಅಟ್ಟೆಯನ್ನು ಪಕ್ಕದಿಂದ ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಕಂದು ಬಣ್ಣವಿರುತ್ತದೆ.

ಅಜ್ಜನ ಬಳಿ ಇದ್ದ ಹತಾರಗಳು ಒಂದು ಕೈಯ ಬೆರಳೆಣಿಕೆಗೆ ಸಿಗುವಷ್ಟು: ಕೊಯ್ಯಲು, ಕೆರೆಯಲು ರಂಪಿಗೆ, ಚುಚ್ಚಲು ಆರಿ, ಬಡಿಯಲು ಕೊಡತಿ, ಕೆಳಗೆ ಒಂದು ನುಣುಪು ಕಲ್ಲು. ಹೊಸಬರಾದ ನಿಮಗೆ ಇವುಗಳ ಜೊತೆಗೆ ಉಕ್ಕಿನ ಸ್ಕೇಲು, ಹೊಲಿಗೆಯ ತೂತು ಹೊಡೆಯಲು ಸಾಲು ಹಲ್ಲುಗಳಿರುವ ನಾಲ್ಕು ಮಿಲಿಮೀಟರ್ ಅಂತರದ ಸ್ಟಿಚಿಂಗ್ ಚಿಸೆಲ್, ಮೊಂಡು ತುದಿಯ ಎರಡು ಸೂಜಿ, ಮೇಣ ಸವರಿದ ದಾರ ಇದ್ದರೆ ಪರ್ಸೂ ಆಗುತ್ತದೆ, ಬೆಲ್ಟೂ ಆಗುತ್ತದೆ. ನಿಮ್ಮ ಕಿಟ್ಟಿನ ಚಿಸೆಲ್ ಬಳಸಬಹುದು. ಹಲ್ಲುಗಳ ನಡುವಿನ ಒರಟನ್ನು ನಯವಾದ ಉಪ್ಪುಕಾಗದದಲ್ಲಿ ತಿಕ್ಕಿಕೊಳ್ಳಿ, ಇಲ್ಲದಿದ್ದರೆ ಅದು ಚರ್ಮದಲ್ಲಿ ಸಿಕ್ಕಿಕೊಂಡು ಕೀಳುವಾಗ ತೂತುಗಳು ಹಿಗ್ಗುತ್ತವೆ. ಅದನ್ನು ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬೇಡಿ, ತಲೆ ಚಪ್ಪಟೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಅಲಗಿನ ಹರಿತ. ಮೊಂಡು ಅಲಗು ಚರ್ಮವನ್ನು ಕೊಯ್ಯುವ ಬದಲು ಮುಂದಕ್ಕೆ ತಳ್ಳುತ್ತದೆ, ನೀವು ಬಲ ಹಾಕುತ್ತೀರಿ, ಸ್ಕೇಲು ಜಾರುತ್ತದೆ, ಎಡಗೈಯ ಹೆಬ್ಬೆರಳು ಅಲ್ಲೇ ಇರುತ್ತದೆ. ನನ್ನ ಹೆಬ್ಬೆರಳಿನ ಗುರುತು ಇಂದಿಗೂ ಇದೆ. ಒಂದು ಗೇಣು ಮರದ ಹಲಗೆಗೆ ಚರ್ಮದ ಪಟ್ಟಿ ಅಂಟಿಸಿ, ಹಸಿರು ಪಾಲಿಶ್ ಸೋಪು ಸವರಿ, ಪ್ರತಿ ಬಾರಿ ಕೂರುವ ಮೊದಲು ಅಲಗನ್ನು ಹಿಂದಕ್ಕೆಳೆಯುತ್ತಾ ಇಪ್ಪತ್ತು ಸಲ ಒರೆಯಿರಿ.

ಹೊಲಿಗೆಗೆ ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ತೆಗೆದುಕೊಂಡು, ಎರಡೂ ತುದಿಗೆ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದನ್ನು, ಈ ಕಡೆಯಿಂದ ಒಂದನ್ನು ದಾಟಿಸಬೇಕು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇದರಲ್ಲಿ ಒಂದೆಳೆ ಹೋದರೂ ಇನ್ನೊಂದು ಎಳೆ ಹಿಡಿದಿರುತ್ತದೆ.

ಕರಾವಳಿಗ:

ಕ್ರೋಮ್ ಚರ್ಮವನ್ನು ಪೂರ್ತಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ನನ್ನ ತೊಗಟೆ ಹದದ ಚೀಲಕ್ಕೆ ಎರಡೇ ವಾರದಲ್ಲಿ ಬೂಷ್ಟು ಹಿಡಿಯಿತು, ಅದರ ಪಕ್ಕದಲ್ಲೇ ಇದ್ದ ಕ್ರೋಮ್ ಹದದ ಮೇಕೆ ಚರ್ಮದ ಪರ್ಸಿಗೆ ಏನೂ ಆಗಲಿಲ್ಲ. ಮೇಕೆಯ ಚರ್ಮ ತೆಳುವಾದರೂ ಗಟ್ಟಿ, ಪರ್ಸಿನ ಒಳಪದರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಕುರಿಯದು ಮೃದು, ಆದರೆ ಬೇಗ ಹರಿಯುತ್ತದೆ. ಅಚ್ಚು ಬೇಡವೆನ್ನುವುದಾದರೆ, ಅಂಚನ್ನು ಉಜ್ಜುವ ಬದಲು ಒಳಕ್ಕೆ ಮಡಚಿ ಹೊಲಿದುಬಿಡಿ. ಆಗ ನಿಮ್ಮಲ್ಲಿರುವ ಕಪ್ಪು ಚರ್ಮವೂ ವ್ಯರ್ಥವಾಗುವುದಿಲ್ಲ.

ತುಂಗಾತೀರ, ಶಿವಮೊಗ್ಗ:

ಎಲ್ಲರಿಗೂ ಕೃತಜ್ಞತೆಗಳು. ತೊಗಟೆ ಹದದ ಎಮ್ಮೆ ಚರ್ಮದ ಒಂದು ಬೆಲ್ಟ್ ಪಟ್ಟಿಯನ್ನೂ, ಪರ್ಸಿಗೆಂದು ಎರಡು ಚದರ ಅಡಿಯನ್ನೂ ತರಿಸಿದೆ. ಅಂಚು ನಿಜಕ್ಕೂ ಗಾಜಿನಂತೆ ಹೊಳೆಯಿತು. ಆದರೆ ಪರ್ಸಿನ ತುಂಡಿಗೆ ನೀರು ಸವರಿ ಅಚ್ಚು ಒತ್ತಲು ಕುಳಿತಾಗ, ಹತ್ತೇ ನಿಮಿಷದಲ್ಲಿ ಎಳ್ಳು ಚೆಲ್ಲಿದಂತೆ ಅಲ್ಲಲ್ಲಿ ಕಪ್ಪು ಚುಕ್ಕೆಗಳು ಮೂಡಿದವು. ಒರೆಸಿದರೆ ಹೋಗುತ್ತಿಲ್ಲ. ಇದು ಚರ್ಮದ ದೋಷವೇ?

ಅಥಣಿ ಕಡೆಯವ:

ಚರ್ಮದ ದೋಷವಲ್ಲ. ಅದೇ ಮೇಜಿನ ಮೇಲೆ ಚಾಕು ಮಸೆದಿರಬೇಕು, ಅಥವಾ ಚಿಸೆಲ್ಲಿನ ಹಲ್ಲು ತಿಕ್ಕಿರಬೇಕು. ಕಣ್ಣಿಗೆ ಕಾಣದ ಕಬ್ಬಿಣದ ಪುಡಿ, ನೀರು, ಚರ್ಮದೊಳಗಿನ ಒಗರು, ಈ ಮೂರೂ ಸೇರಿದರೆ ಶಾಯಿಯಾಗುತ್ತದೆ. ಹಿಂದಿನ ಕಾಲದಲ್ಲಿ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಮೊದಲು ಒಂದು ಬೇಡದ ಚೂರಿನ ಮೇಲೆ ನೋಡಿಕೊಂಡು, ಬಳಿಕ ಚುಕ್ಕೆಗಳಿಗೆ ಮಾತ್ರವಲ್ಲದೆ ಇಡೀ ತುಂಡಿಗೆ ಒಂದೇ ಸಮನಾಗಿ ಸವರಿ. ಚುಕ್ಕೆಗಷ್ಟೇ ಹಚ್ಚಿದರೆ ಆ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಚುಕ್ಕೆ ತಿಳಿಯಾದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ, ಮರುದಿನ ತೆಳ್ಳಗೆ ಎಣ್ಣೆ ಹಚ್ಚಿ.

ತಂದೆಯವರ ಬೆಲ್ಟಿಗೆ ಬಕಲ್ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಅಂಟಿಕೊಂಡರೆ, ಮೇಲೆ ಎಷ್ಟೇ ಹಿತ್ತಾಳೆಯ ಹೊಳಪಿದ್ದರೂ ಒಳಗಿರುವುದು ಕಬ್ಬಿಣ; ಮೇಲಿನ ಲೇಪ ಸವೆದು ಬೆವರು ತಾಗಿದ ಮೇಲೆ ಬಕಲ್ ಕೂರುವ ಮಡಿಕೆಯಲ್ಲೂ ಅದೇ ಕಪ್ಪು ಹರಡುತ್ತದೆ.